ಎರಡು ದಿನದ ಏಕಾದಶಿ

ಸವಣೂರಿನ ಸಂಪದಾ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ದೃಷ್ಟಿ ಪರೀಕ್ಷೆ ಮಾಡುತ್ತಾಳೆ. ಬಂದವರ ಒಂದು ಕಣ್ಣು ಮುಚ್ಚಿಸಿ, ಇನ್ನೊಂದು ಕಣ್ಣಿನಿಂದ ಎದುರಿನ ಗೋಡೆಯ ಅಕ್ಷರ ಓದಿಸುವುದು ಅವಳ ಕೆಲಸ. "ಕಾಣಸ್ತದೇನ್ರಿ? ಅದರ ಕೆಳಗಿಂದು? ಇನ್ನೂ ಸಣ್ಣದು?" ಎಂದು ದಿನವಿಡೀ ಕೇಳಿ, ಸಂಜೆ ವಿದ್ಯಾನಗರದ ಬಾಡಿಗೆ ಮನೆಗೆ ಬಂದರೆ ಅಲ್ಲಿ ಅವಳ ಅಣ್ಣ ಪವನ ಕೂತಿರುತ್ತಾನೆ.

ಪವನನ ಕಣ್ಣುಗಳನ್ನು ಸಂಪದಾ ತಾನೇ ಪರೀಕ್ಷಿಸಿದ್ದಾಳೆ. ಎರಡೂ ಚೊಕ್ಕವಾಗಿವೆ. ಬಾಲ್ಕನಿಯಲ್ಲಿ ನಿಂತು ರಸ್ತೆಯ ಆ ತುದಿಯ ಬೈಕಿನ ನಂಬರು ಓದುತ್ತಾನೆ. ಆದರೆ ತಾನೇ ಉಂಡು ಬಿಟ್ಟ ತಾಟು ಮೊಣಕಾಲಿಗೆ ತಾಗುವಷ್ಟು ಹತ್ತಿರವಿದ್ದರೂ ಅವನಿಗೆ ಕಾಣುವುದಿಲ್ಲ. ಹಸಿ ಟಾವೆಲ್ಲು ಕಾಣುವುದಿಲ್ಲ. ಉಕ್ಕಿ ಗ್ಯಾಸಿನ ಕಟ್ಟೆಯ ಮೇಲೆ ಹರಿದ ಹಾಲು ಕಾಣುವುದಿಲ್ಲ. ಈ ಬೇನೆಗೆ ಯಾವ ನಂಬರಿನ ಗಾಜು ಕೂಡಿಸಬೇಕೆಂದು ಸಂಪದಾ ಓದಿದ ಕೋರ್ಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಕೆಲಸ ಸಿಕ್ಕಾಗ ಅವಳಿಗೆ ಲೇಡೀಸ್ ಹಾಸ್ಟೆಲಿನಲ್ಲಿ ಇರುವ ಮನಸ್ಸಿತ್ತು. ಅದೇ ಆಸ್ಪತ್ರೆಯ ಚಷ್ಮಾ ಕೌಂಟರಿನಲ್ಲಿ ಕೆಲಸ ಮಾಡುವ ಗೌಹರ ಅಲ್ಲಿಯೇ ಇದ್ದಳು. ಗೌಹರ ಸವಣೂರಿನವಳೇ, ಸಂಪದಾಳ ಮನೆಯ ಹಿಂದಿನ ಓಣಿಯವಳು. ಅವಳ ತಾಯಿ ಹಾಜರಾಬಿ ಊರ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುತ್ತಾಳೆ. ಆದರೆ ಸಂಪದಾಳ ಅಪ್ಪ, ನಿವೃತ್ತ ಹೆಡ್‌ಮಾಸ್ತರ ಧೀರೇಂದ್ರ, ಹಾಸ್ಟೆಲಿನ ಮಾತನ್ನು ಅರ್ಧಕ್ಕೇ ಕತ್ತರಿಸಿದರು.

"ಅಣ್ಣ ಅಲ್ಲೇ ಇದ್ದಾಗ ಹಾಸ್ಟೆಲ್ ಯಾಕ? ನಿನಗೂ ಆಸರ ಆಗ್ತದ, ಅವಂಗೂ ಮನಿ ಊಟ ಆಗ್ತದ."

ಈ ಏರ್ಪಾಟಿನಲ್ಲಿ ಅವನ ಊಟ ದಿನಾ ಆಗುತ್ತಿತ್ತು. ಅವಳ ಆಸರೆಯ ಪಾಳಿ ಬಂದದ್ದು ಒಂದೇ ಸಲ, ಅಡಿಗೆಮನೆಯಲ್ಲಿ ಇಲಿ ಬಂದಾಗ. ಆಗ ಪವನ ಖುರ್ಚಿ ಹತ್ತಿ ನಿಂತು, "ಆಕಡೆ ಓಡಿತು ನೋಡು, ಆಕಡೆ" ಎಂದು ಮಾರ್ಗದರ್ಶನ ಮಾಡಿದ್ದ.

ಬೆಳಿಗ್ಗೆ ಇಬ್ಬರ ಡಬ್ಬಿಗೆ ಚಪಾತಿ, ಪಲ್ಯ. ಸಂಜೆ ಅನ್ನ, ಸಾರು, ತಿಕ್ಕುವ ಭಾಂಡೆ, ಮರುದಿನದ ಕಾಯಿಪಲ್ಲೆ. ಊರಿನವರ ಕಣ್ಣಿಗೆ ಸಂಪದಾ ದೊಡ್ಡ ಶಹರದಲ್ಲಿ ಇರುವ ಹುಡುಗಿ. ಆ ಶಹರದಲ್ಲಿ ಅವಳಿಗೆ ಗೊತ್ತಿದ್ದುದು ಆಸ್ಪತ್ರೆ, ಬಸ್ ನಿಲ್ದಾಣ ಮತ್ತು ಮೆಂತ್ಯೆ ಸೊಪ್ಪು ಒಳ್ಳೆಯದು ಸಿಗುವ ಮೂಲೆ. ಅವಳು ಎಲ್ಲಿಗೆ ಹೊರಟರೂ ಕೈಯಲ್ಲೊಂದು ಬಟ್ಟೆಯ ಚೀಲ ಇರುತ್ತಿತ್ತು. ಹೋಗುವಾಗ ಖಾಲಿ, ಬರುವಾಗ ಬದನೆಕಾಯಿ.

"ದುರ್ಗದಬೈಲಿಗೆ ಹೊಂಟೇನಿ, ಬರ್ತೀಯೇನ?" ಎಂದು ಗೌಹರ ಡ್ಯೂಟಿ ಮುಗಿದ ಮೇಲೆ ಕೇಳುತ್ತಿದ್ದಳು.

"ಕುಕ್ಕರ್ ಇಡಬೇಕು."

"ಉಣಕಲ್ ಕೆರಿಗೆ?"

"ಕುಕ್ಕರ್..."

"ನಿನ್ನ ಲಗ್ನ ಅದರ ಕೂಡಽ ಆಗೈತೇನ? ಸೀಟಿ ಹೊಡದ್ರ ಓಡಿ ಹೋಗ್ತೀಯಲ್ಲ!" ಅಂದಿನಿಂದ ಗೌಹರ ಅವಳನ್ನು ಕುಕ್ಕರಬಾಯಿ ಎಂದೇ ಕರೆಯತೊಡಗಿದಳು.

ಭಾನುವಾರವಾದರೂ ಬಿಡುವುಂಟೇ ಎಂದರೆ, ಹುಬ್ಬಳ್ಳಿ ಅಷ್ಟು ದೂರದ ಊರಲ್ಲ. ಹಾನಗಲ್ಲಿನವರು ಡಾಕ್ಟರ ಹತ್ತಿರ ಬರುತ್ತಿದ್ದರು, ಹಿರೇಕೆರೂರಿನವರು ಲಗ್ನದ ಸೀರೆಗೆ ಬರುತ್ತಿದ್ದರು, ಶಿಗ್ಗಾವಿಯವರು ಸುಮ್ಮನೆ ಬರುತ್ತಿದ್ದರು. ಎಲ್ಲರೂ ಮಧ್ಯಾಹ್ನ ಊಟದ ಹೊತ್ತಿಗೆ, "ಹೋಟೆಲ್ ಯಾಕ, ನಮ್ಮ ಸಂಪದಾನ ಮನಿ ಅದಲ್ಲ" ಎನ್ನುತ್ತ ಮೆಟ್ಟಿಲು ಹತ್ತುತ್ತಿದ್ದರು. ಊಟದ ವಿಷಯ ಬಂದಾಗ ಮಾತ್ರ ಅದು ಸಂಪದಾಳ ಮನೆ. ಗೇಟಿನ ಮೇಲಿನ ಹೆಸರು ಪವನನದು.

ಅವಳನ್ನು ಕಾಪಾಡಿದ್ದು ಏಕಾದಶಿ.

ಮೊದಮೊದಲು ಅದೂ ಕಾಪಾಡಿರಲಿಲ್ಲ. ಅವರದು ಮಠ, ಪಂಚಾಂಗಗಳನ್ನು ಬಿಡದ ಮನೆತನ. ತಿಂಗಳಿಗೆ ಎರಡು ಏಕಾದಶಿ, ಅಂದು ಅನ್ನ ಇಲ್ಲ. ಅನ್ನ ಇಲ್ಲ ಎಂದರೆ ಕೆಲಸ ಇಲ್ಲ ಎಂದು ತಿಳಿದುಕೊಂಡವರು ಉಪವಾಸದ ಅಡಿಗೆ ಮಾಡಿದವರಲ್ಲ. ಪವನನ ಉಪವಾಸಕ್ಕೆ ಸಾಬೂದಾಣಿ ಖಿಚಡಿ, ಬಟಾಟಿ ಹುರಿದದ್ದು, ಶೇಂಗಾ ಉಂಡೆ, ಗಟ್ಟಿ ಮೊಸರು ಬೇಕಾಗುತ್ತಿದ್ದವು. ಉಂಡ ದಿನಕ್ಕಿಂತ ಉಪವಾಸದ ದಿನವೇ ಭಾಂಡೆ ಹೆಚ್ಚು ಬೀಳುತ್ತಿದ್ದವು.

ಒಂದು ಏಕಾದಶಿಯ ಬೆಳಿಗ್ಗೆ ಗ್ಯಾಸ್ ತೀರಿತು. ಅದೇ ಹೊತ್ತಿಗೆ ಅಪ್ಪನ ಫೋನು ಬಂತು.

"ಏನ ಫಲಾಹಾರ ಮಾಡೀಯವ್ವಾ ಇವತ್ತ?"

"ಏನೂ ಇಲ್ಲಪ್ಪಾ" ಎಂದಳು ಸಂಪದಾ, ನಿಜವನ್ನೇ.

"ನಿರಾಹಾರ?" ಎಂದರು ಅಪ್ಪ. "ಈ ಕಾಲದಾಗ! ಹುಬ್ಬಳ್ಳಿಯೊಳಗ!"

ಸಿಲಿಂಡರಿನ ಸಂಗತಿ ಹೇಳುವಷ್ಟರಲ್ಲಿ ಅವರು ಫೋನು ಇಟ್ಟು, ಬಂಧುಬಳಗದ ವಾಟ್ಸಪ್ ಗ್ರೂಪಿನಲ್ಲಿ ಮಗಳ ನಿಷ್ಠೆಯನ್ನು ಬರೆದಾಗಿತ್ತು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ತಂಗಿ ನೀರೂ ಕುಡಿಯದೆ ಇರುವಾಗ ತಾನು ಖಿಚಡಿ ಕೇಳುವುದು ಹೇಗೆಂದು ಪವನ ಬಾಯಿ ಮುಚ್ಚಿಕೊಂಡ. ಸಂಪದಾ ಸಂಜೆ ಮನೆಗೆ ಹೋಗಬೇಕಾಗಿಯೇ ಇರಲಿಲ್ಲ. ಡ್ಯೂಟಿ ಮುಗಿಸಿ ಹೊರಬಿದ್ದವಳು ಒಂದು ಗಳಿಗೆ ಗೇಟಿನ ಹತ್ತಿರ ನಿಂತೇ ಇದ್ದಳು. ಕೈಯಲ್ಲಿ ಚೀಲವಿಲ್ಲದೆ ಯಾವ ದಿಕ್ಕಿಗೆ ನಡೆಯಬೇಕೆಂದು ತಿಳಿಯಲಿಲ್ಲ. ಗೌಹರ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಆ ಸಂಜೆ ಉಣಕಲ್ ಕೆರೆಯ ದಂಡೆಯಲ್ಲಿ ಅವಳು ನಿಜವಾಗಿಯೂ ಉಪವಾಸವಿದ್ದು, ಗೌಹರ ಸುಟ್ಟ ಗೋವಿನಜೋಳ ತಿನ್ನುವುದನ್ನು ನೋಡಿದಳು. ಮುಂದಿನ ಏಕಾದಶಿಗೆ ಕಬ್ಬಿನ ಹಾಲು ಕುಡಿದಳು. ಅದರ ಮುಂದಿನದಕ್ಕೆ ಮಿರ್ಚಿ ಕರಿಯುವ ಬಂಡಿಯ ಗಾಳಿ ಇವರ ಕಡೆಗೇ ಬೀಸಿತು. ಮಳೆಗಾಲ ಮುಗಿಯುವಷ್ಟರಲ್ಲಿ ಸಂಪದಾ ಏಕಾದಶಿಗೆ ಬೆಣ್ಣೆ ದೋಸೆ ತಿನ್ನುವ ಮಟ್ಟಕ್ಕೆ ಬಂದಿದ್ದಳು. ಪವನನೂ ಅಂಥ ದಿನ ಹೊರಗಿಂದ ಬರುವಾಗ ಉಳ್ಳಾಗಡ್ಡಿಯ ವಾಸನೆ ಹೊತ್ತು ಬಂದು, "ಭಾಳ ನಿಶ್ಶಕ್ತಿ" ಎಂದು ಮಲಗುತ್ತಿದ್ದ. ಅಣ್ಣ ತಂಗಿ ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಇಬ್ಬರೂ ಸಮವಾಗಿ ಪಾಲಿಸಿದ ನಿಯಮ ಅದೊಂದೇ.

ಹೀಗಿರುವಾಗ ಭಾನುವಾರದ ದಿನವೇ ಒಂದು ಏಕಾದಶಿ ಬಂತು.

ಇಡೀ ದಿನದ ರಜೆ! ಏಕಾದಶಿಯ ಮನೆಗೆ ನೆಂಟರೂ ಬರುವುದಿಲ್ಲ. ಗೌಹರ ಬೆಳಗಿನ ಸಿನೆಮಾದ ಟಿಕೀಟು ತೆಗೆದಿಟ್ಟಳು. ಆಮೇಲೆ ಚಿಗರಿ ಬಸ್ಸು ಹತ್ತಿ ಧಾರವಾಡದವರೆಗೆ ಹೋಗಿ ಬರುವುದು.

"ಧಾರವಾಡದಾಗ ಏನ ಕೆಲಸ ಐತಿ?" ಎಂದಿದ್ದಳು ಗೌಹರ.

"ಏನೂ ಇಲ್ಲ. ಅದಕ್ಕಽ ಹೋಗೂದು" ಎಂದಳು ಸಂಪದಾ. ಕೆಲಸವಿಲ್ಲದೆ ಒಂದು ಊರಿಗೆ ಹೋಗಿ, ಏನನ್ನೂ ಕೊಳ್ಳದೆ ತಿರುಗಿ ಬರುವ ಯೋಚನೆಯಿಂದಲೇ ಅವಳಿಗೆ ವಾರವಿಡೀ ಹಗುರವಾಗಿತ್ತು.

ಶುಕ್ರವಾರ ಪವನ ಊಟ ಮಾಡುತ್ತ ಹೇಳಿದ: "ಐತ್ವಾರ ನಮ್ಮ ಮ್ಯಾನೇಜರು, ಆಫೀಸಿನವರು ಊಟಕ್ಕ ಬರೋರಿದ್ದಾರ. ಹೋಳಿಗಿ ಮಾಡು."

"ಐತ್ವಾರ ಏಕಾದಶಿ."

"ಅದು ಒಂದು ಪಂಚಾಂಗದೊಳಗ." ಪವನ ಫೋನು ಮುಂದೆ ಹಿಡಿದ. "ಅವ್ವನ ತವರಮನಿ ಮಠದ ಪಂಚಾಂಗ ನೋಡಿಲ್ಲಿ. ಸೋಮವಾರ ಅದ."

ಎರಡು ಮಠಗಳ ಗಣಿತ ಬೇರೆಯಾದ್ದರಿಂದ ತಿಥಿ ಒಮ್ಮೊಮ್ಮೆ ಹೀಗೆ ಒಂದು ದಿನ ಆಚೀಚೆ ಆಗುವುದುಂಟು. ಆದರೆ ಪವನ ಪಂಚಾಂಗ ತೆರೆದದ್ದನ್ನು ಸಂಪದಾ ಅಂದೇ ಮೊದಲು ನೋಡಿದ್ದು.

"ನಾವು ಯಾವಾಗಿಂದ ಅವ್ವನ ತವರಮನಿ ಪಂಚಾಂಗ ಹಿಡದೇವಿ?"

"ಅವ್ವನ ಕಡೆಯವರಿಗೂ ಮರ್ಯಾದಿ ಕೊಡಬೇಕಲ್ಲ" ಎಂದ ಪವನ ಗಂಭೀರವಾಗಿ. "ಹೆಣ್ಣಮಕ್ಕಳ ಸಮಾನತಾ ಅಂತ ನೀನಽ ಅಂತೀ."

ಇಪ್ಪತ್ತೇಳು ವರ್ಷದ ಬಾಳಿನಲ್ಲಿ ಅವನು ಹೆಣ್ಣುಮಕ್ಕಳ ಪಕ್ಷ ಹಿಡಿದದ್ದು ಅದೇ ಮೊದಲು. ಅದೂ ಹೋಳಿಗೆಗಾಗಿ.

ವಿಷಯ ಅಪ್ಪನ ಹತ್ತಿರ ಹೋಯಿತು. ಅಪ್ಪ ಮೊದಲು, "ಹೋಳಿಗಿ ಸಲುವಾಗಿ ತಿಥಿ ಸರಸ್ತೀಯೇನೋ ಮಂಗ್ಯಾ?" ಎಂದು ಗದರಿದರು. ಆದರೆ ಅಷ್ಟರಲ್ಲಿ ಹಾನಗಲ್ಲಿನ ವಾದಿರಾಜ ಕಾಕಾ ಗ್ರೂಪಿನಲ್ಲಿ, ಸೋಮವಾರವೇ ಸರಿ ಎಂದು ದನಿ ಮುದ್ರಿಸಿ ಕಳಿಸಿದರು. ಅಪ್ಪ ಅದಕ್ಕಿಂತ ಉದ್ದದ ದನಿ ಮುದ್ರಿಸಿ ಉತ್ತರ ಕೊಟ್ಟರು. ದಶಮಿ ಎಲ್ಲಿ ಮುಗಿಯಿತು, ಅರುಣೋದಯ ಎಲ್ಲಿ ಹಿಡಿಯಿತು, ಶ್ಲೋಕ ಏನು ಹೇಳಿತು. ಶನಿವಾರ ಸಂಜೆಯಾದರೂ ಮುಗಿಯಲಿಲ್ಲ. ಇಬ್ಬರು ನಿವೃತ್ತರೂ ಇಷ್ಟು ಆನಂದವಾಗಿದ್ದುದನ್ನು ಬಳಗದವರು ಈಚೆಗೆ ಕಂಡಿರಲಿಲ್ಲ. ಎರಡೂ ಮನೆಗಳಲ್ಲಿ ಅವರ ಬಾಯಾರಿಕೆಗೆ ಮೇಲಿಂದ ಮೇಲೆ ಚಹಾ ಮಾಡಿ ಕೊಟ್ಟವರು ಯಾರೆಂಬುದು ಯಾವ ದನಿಯಲ್ಲೂ ಮುದ್ರಣವಾಗಲಿಲ್ಲ.

ಕಾಕಾನ ಕೈ ಮೇಲಾಗುವ ಲಕ್ಷಣ ಕಂಡಿತು. ಸಂಪದಾ ಕಡಲೆಬೇಳೆಯ ಡಬ್ಬಿಯನ್ನು ನೋಡಿದಳು. ಸಿನೆಮಾ, ಚಿಗರಿ ಬಸ್ಸು, ಕೆಲಸವಿಲ್ಲದ ಧಾರವಾಡ, ಎಲ್ಲವೂ ಆ ಬೇಳೆಯಲ್ಲಿ ಬೆಂದು ಹೂರಣವಾಗುವುದು ಕಣ್ಣಿಗೆ ಕಟ್ಟಿತು. ಅವಳು ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ನಂಗೇನೂ ತಿಳಿಯೂದಿಲ್ಲ. ತಿಥಿಯೊಳಗ ಸಂಶಯ ಬಂತಂದ್ರ ಎರಡೂ ದಿನ ಉಪವಾಸ ಮಾಡಬೇಕು ಅಂತ ಅಜ್ಜ ಹೇಳ್ತಿದ್ದರಲ್ಲಾ?"

ಅಜ್ಜ ಹಾಗೆ ಹೇಳಿದ್ದರೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ. ಅವರು ಹೇಳಬಹುದಾದ ಮಾತಂತೂ ಹೌದು.

"ಸಂಪದಾ" ಎಂದರು ಅಪ್ಪ. "ನೀನು ಗಂಡಾಗಿ ಹುಟ್ಟಬೇಕಿತ್ತವ್ವಾ."

"ಹುಟ್ಟಿದ್ರ ಹೋಳಿಗಿ ಸಿಗ್ತಿತ್ತು" ಎಂದು ಸಂಪದಾ ಫೋನು ಇಟ್ಟ ಮೇಲೆ ಗೋಡೆಗೆ ಹೇಳಿದಳು.

ಗ್ರೂಪಿನಲ್ಲಿ ತೀರ್ಪು ಬಂತು: "ಸಂಶಯನಿವಾರಣೆಗಾಗಿ ಭಾನುವಾರ, ಸೋಮವಾರ ಎರಡೂ ದಿನ ಉಪವಾಸ. ನಿರಾಹಾರವೇ ಶ್ರೇಷ್ಠ. ಚಿ. ಸಂಪದಾಳ ಆದರ್ಶ ಎಲ್ಲರಿಗೂ ದಾರಿದೀಪವಾಗಲಿ." ವಾದಿರಾಜ ಕಾಕಾ ಕೂಡ ಕೈಮುಗಿದರು, ಇಬ್ಬರೂ ಗೆದ್ದಂತಾಯಿತಲ್ಲ. ಪವನ ಮ್ಯಾನೇಜರಿಗೆ, ಹೋಟೆಲಿನಲ್ಲಿ ಸೇರೋಣ ಎಂದು ತಿಳಿಸಿ, ತಂಗಿಯನ್ನು ಕೆಕ್ಕರಿಸಿ ನೋಡಿದ.

ಭಾನುವಾರ ಬೆಳಿಗ್ಗೆ ಸಂಪದಾ ಹೊಸ ಚೂಡಿದಾರ ಹಾಕಿಕೊಂಡಳು. ಬಾಗಿಲ ಹಿಂದೆ ತೂಗಾಡುತ್ತಿದ್ದ ಬಟ್ಟೆಯ ಚೀಲದ ಕಡೆಗೆ ಅಭ್ಯಾಸದಿಂದ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಗೌಹರ ಬಂದಳೆಂದು ನಗುತ್ತ ಬಾಗಿಲು ತೆರೆದರೆ, ಅವ್ವ ನಿಂತಿದ್ದಳು.

"ಮೊದಲನೇ ಬಸ್ಸಿಗೇ ಬಂದೆ" ಎಂದಳು ವಿಮಲಾಬಾಯಿ. "ಸವಣೂರಾಗೂ ಎರಡು ದಿನ ಒಲಿ ಹಚ್ಚೂಹಂಗಿಲ್ಲ. ಮನ್ಯಾಗ ಕೂತು ಏನ ಮಾಡ್ಲಿ?"

ತನ್ನ ಉಪಾಯ ಸವಣೂರಿನ ಒಲೆಯನ್ನೂ ಆರಿಸುತ್ತದೆ ಎಂದು ಅವಳು ಲೆಕ್ಕ ಹಾಕಿರಲಿಲ್ಲ. ಅವ್ವ ಬಂದಳೆಂದರೆ ಮಠಕ್ಕೆ ಕರೆದುಕೊಂಡು ಹೋಗಬೇಕು, ಅತ್ತೆಯರ ಮನೆಗೆ ಕರೆದುಕೊಂಡು ಹೋಗಬೇಕು, ಮಧ್ಯಾಹ್ನ ಇಬ್ಬರೂ ಕೂತು ಪವನನ ಅಂಗಿಗಳಿಗೆ ಗುಂಡಿ ಹಚ್ಚಬೇಕು. ಪವನ ಮಾತ್ರ ಒಳಗಿನಿಂದ ಓಡಿ ಬಂದ.

"ಅವ್ವಾ! ಸಾಬೂದಾಣಿ ತಂದೀಯೇನು?"

"ಯಾಕೋ? ನಿರಾಹಾರ ಅಲ್ಲೇನು?"

ಆಗ ಸಂಪದಾ ನೋಡಿದಳು. ಅವ್ವ ಬಂದಾಗೆಲ್ಲ ಎರಡು ಕೈಗೂ ಚೀಲಗಳಿರುತ್ತಿದ್ದವು. ಚಟ್ನಿಪುಡಿ, ಸವಣೂರು ಖಾರಾ, ವೀಳ್ಯದೆಲೆ, ಹೆರೆದ ಕೊಬ್ಬರಿ. ಇವತ್ತು ಹೆಗಲಿಗೊಂದು ಸಣ್ಣ ಪರ್ಸು, ಅಷ್ಟೇ. ವಿಮಲಾಬಾಯಿ ಖುರ್ಚಿಯ ತುದಿಗೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಸಹಜವಾಗಿ ಕೇಳಿದಳು:

"ಗೌಹರ ಎಷ್ಟೊತ್ತಿಗೆ ಬರ್ತಾಳ?"

ಗೌಹರಳ ಕೂಡ ತಿರುಗಾಡುವ ಸುದ್ದಿಯನ್ನು ಸಂಪದಾ ಮನೆಯಲ್ಲಿ ಎಂದೂ ಎತ್ತಿರಲಿಲ್ಲ. ಅವಳು ಅವ್ವನನ್ನು ಬಾಲ್ಕನಿಗೆ ಎಳೆದುಕೊಂಡು ಹೋದಳು.

"ನಿನಗ ಹ್ಯಾಂಗ ಗೊತ್ತು?"

"ಒಂದು ಏಕಾದಶಿ ದಿನ ಜಂಪರ್ ತರಲಿಕ್ಕೆ ಹೋದಾಗ ಹಾಜರಾಬಿ ಫೋನ್ ತೋರಿಸಿದ್ಲು. ಮಗಳು ಸ್ಟೇಟಸ್ ಹಾಕ್ಯಾಳಂತ. 'ನೋಡ್ರಿ ಬಾಯಾರ, ನಿಮ್ಮ ಹುಡುಗೀನೂ ಅದಾಳ' ಅಂದ್ಲು. ನೋಡಿದೆ. ಇದ್ದಿ." ಅವ್ವ ದನಿ ತಗ್ಗಿಸಿದಳು. "ದೋಸಿ ಮ್ಯಾಲಿನ ಬೆಣ್ಣಿ ಸೈತ ಕಾಣಸ್ತಿತ್ತು."

ಸಂಪದಾ ಕಂಬಿ ಹಿಡಿದುಕೊಂಡಳು. "ಎಂದ ನೋಡಿದಿ?"

"ನವರಾತ್ರಿಗಿಂತ ಮೊದಲಽ."

"ಮತ್ತ... ಬೈಲೇ ಇಲ್ಲ?"

"ಬೈದಿದ್ರ ಏಕಾದಶಿ ಬಿಡ್ತಿದ್ದಿ. ಏಕಾದಶಿ ಬಿಟ್ರ ಮತ್ತ ಅವಂಗ ಕುಕ್ಕರ್ ಇಡ್ತಿದ್ದಿ." ವಿಮಲಾಬಾಯಿ ಕೆಳಗಿನ ರಸ್ತೆ ನೋಡುತ್ತ ಹೇಳಿದಳು. "ದೋಸೀದು ನೀನು, ದೇವರು ನೋಡಿಕೋರಿ. ನಡುವ ನಾ ಯಾಕ ಬರ್ಲಿ? ನಿಮ್ಮಪ್ಪನ ಉಪವಾಸಕ್ಕ ನಸುಕಿನಾಗ ಎದ್ದು ಶೇಂಗಾ ಕುಟಗೋತ ಬಂದಾಕಿ ನಾನು. ನಿರಾಹಾರ ಅಂತ ಅವರ ಬಾಯಿಲೆ ನೀನರ ಅನಿಸಿದಿ. ಹಂಗಾರ ನಾನೂ ಒಂದು ಐತ್ವಾರ ನೋಡೇಬಿಡ್ತೇನಿ ಅಂತ ಬಂದೆ. ಎಲ್ಲಿಗೆ ಹೊಂಟಿದ್ರಿ?"

"ಸಿನೆಮಾಕ್ಕ. ಆಮ್ಯಾಲ ಧಾರವಾಡಕ್ಕ."

"ಧಾರವಾಡದಾಗ ಏನ ಕೆಲಸದ?"

"ಏನೂ ಇಲ್ಲ."

ಅವ್ವ ಅರೆಗಳಿಗೆ ವಿಚಾರ ಮಾಡಿದಳು. "ಚಲೋ ಆತು" ಎಂದಳು.

ಗೌಹರ ಬಂದವಳು ವಿಮಲಾಬಾಯಿಯನ್ನು ಕಂಡು ಬಾಗಿಲಲ್ಲೇ ಕಲ್ಲಾದಳು. "ಕಾಕೂ, ನಾವು ಮಠದ ಕಡೆನಽ ಹೊಂಟಿದ್ವಿ ನೋಡ್ರಿ" ಎಂದಳು.

"ಮಠಕ್ಕ ನಾಳೆ ಹೋಗ್ತೇನಿ. ನಡಿ, ಟಿಕೀಟ್ ಇನ್ನೊಂದು ಸಿಗ್ತದೇನು?"

ಸಿಕ್ಕಿತು. ಸಿನೆಮಾದ ನಾಯಕಿ ನೂರು ಆಳು ಉಣ್ಣುವ ಮನೆಯಲ್ಲಿ ಓಡಾಡಿದರೂ ಸೀರೆಯ ಇಸ್ತ್ರಿ ಮುರಿಯದ್ದನ್ನು ಕಂಡು ವಿಮಲಾಬಾಯಿ, "ಈಕಿ ಭಾಂಡೆ ಯಾರ ತಿಕ್ತಾರ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಹಿಂದಿನ ಸಾಲಿನ ಹೆಂಗಸೊಬ್ಬಳು, "ನಾನೂ ಅದನ್ನಽ ನೋಡಾಕತ್ತೇನ್ರೀ" ಎಂದಳು.

ಚಿಗರಿ ಬಸ್ಸಿನಲ್ಲಿ ಅವ್ವನಿಗೆ ಕಿಟಕಿಯ ಸೀಟು ಸಿಕ್ಕಿತು. ಬಸ್ಸು ನವನಗರ ದಾಟುವಾಗ ಅಪ್ಪನ ಫೋನು ಬಂತು.

"ಶೇಂಗಾ ಎಲ್ಲಿ ಇಟ್ಟೀ?"

"ನಿರಾಹಾರದಾಗ ಶೇಂಗಾ ಯಾಕ್ರಿ?"

"ಸುಮ್ಮನಽ ಕೇಳಿದೆ. ಎಲ್ಲದ ಅಂತ ಗೊತ್ತಿರಬೇಕಲ್ಲ ಮನಿಶ್ಯಾಗ."

"ಅಡಿಗಿಮನಿ ಗ್ವಾಡಿ ಮಾಡದ ಕೆಳಗಿನ ಎರಡನೇ ಡಬ್ಬಿ. ಉಪವಾಸಕ್ಕ ಮನಸ್ಸು ಗಟ್ಟಿ ಇರ್ಲಿ" ಎಂದು ಹೇಳಿ, ವಿಮಲಾಬಾಯಿ ಫೋನನ್ನು ಪರ್ಸಿನೊಳಗೆ ಹಾಕಿ ಜಿಪ್ಪು ಎಳೆದಳು.

ಧಾರವಾಡದಲ್ಲಿ ಇಳಿದು, ಮರದ ನೆರಳಿನ ಬೀದಿಯೊಂದರಲ್ಲಿ ಅಡ್ಡಾಡಿ, ಐಸ್‌ಕ್ರೀಮಿನ ಅಂಗಡಿಗೆ ಹೋದರು. ಗೌಹರ ಅನುಮಾನಿಸುತ್ತ ಕೇಳಿದಳು: "ಕಾಕೂ, ನಿಮಗ ಇದು ನಡೀತೈತೇನ್ರಿ?"

"ಹಾಲು, ಸಕ್ಕರಿ. ಇದರಾಗ ಏಕಾದಶಿಗೆ ಬರಲಾರದ್ದು ಏನದ?" ವಿಮಲಾಬಾಯಿ ಕೋನನ್ನು ತಿರುತಿರುಗಿಸಿ ನೋಡಿದಳು. "ಕೆಳಗಿಂದು ಗೋಧೀದು. ಅದು ಬರೂದಿಲ್ಲ." ಬಹಳ ನಾಜೂಕಾಗಿ ಮೇಲಿನದನ್ನೆಲ್ಲ ಚಮಚದಿಂದ ತಿಂದು, ಉಳಿದ ಖಾಲಿ ಕೋನನ್ನು ಗೌಹರಳ ಕೈಗೆ ಕೊಟ್ಟಳು. "ಹಿಡಿ, ನಿಂದೇನೂ ತಕರಾರಿಲ್ಲಲ್ಲ." ಸಂಪದಾ ಪಕ್ಕದ ಅಂಗಡಿಯ ದೋಸೆಯ ಕಡೆ ನೋಡಿ, ಅವ್ವನ ಕಡೆ ನೋಡಿ, ತಾನೂ ಐಸ್‌ಕ್ರೀಮನ್ನೇ ಹೇಳಿದಳು. ಅಂದಿನ ಅವಳ ಏಕಾದಶಿ ಬಹಳ ದಿನದ ಮೇಲೆ ಶುದ್ಧವಾಗಿತ್ತು.

ಸೋಮವಾರ ಅವ್ವ ಒಬ್ಬಳೇ ಮಠಕ್ಕೂ ಹೋಗಿ ಬಂದಳು, ಉಣಕಲ್ ಕೆರೆಯನ್ನೂ ನೋಡಿ ಬಂದಳು. ಸಂಜೆ ಪವನ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ಮರುದಿನ ದ್ವಾದಶಿ. ಎರಡು ದಿನ ಉಪವಾಸ ಮಾಡಿದ ಮನೆಯಲ್ಲಿ ಬೆಳಿಗ್ಗೆ ಲಗೂನೆ ಪಾರಣೆಯ ಅಡಿಗೆ ಆಗಲೇಬೇಕು.

"ನಾಳೆ ಪಾರಣಿಗೆ ನಿಮ್ಮಿಬ್ಬರೊಳಗ ಯಾರ ಏಳ್ತೀರಿ?" ಎಂದು ಪವನ ಕೇಳಿದ.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಎರಡು ದಿನ ಕಷ್ಟಪಟ್ಟು ಗಳಿಸಿದ್ದು ಮಂಗಳವಾರ ಬೆಳಗಾಗುವಷ್ಟರಲ್ಲಿ ಕರಗಿ ಹೋಗುವುದರಲ್ಲಿತ್ತು. ವಿಮಲಾಬಾಯಿ ಮಗಳಿಗೆ ಹೇಳಿದಳು:

"ದವಾಖಾನಿಯೊಳಗ ನೀ ಹ್ಯಾಂಗ ನೋಡ್ತೀ, ನನಗ ತೋರಿಸೇ ಇಲ್ಲಲ್ಲ. ಇವನ ಕಣ್ಣೊಮ್ಮೆ ನೋಡು."

ಸಂಪದಾ ಎದ್ದು, ಅಡಿಗೆಮನೆಯ ಬಾಗಿಲಿಗೆ ಎದುರಾಗಿ ಖುರ್ಚಿ ಹಾಕಿ, ಪವನನನ್ನು ಕೂಡ್ರಿಸಿದಳು. ಅವನ ಅಂಗೈಯನ್ನು ಅವನ ಎಡಗಣ್ಣಿಗೆ ಮುಚ್ಚಿದಳು.

"ಎದುರಿಗೆ ಏನ ಕಾಣಸ್ತದ್ರಿ?" ಎಂದಳು, ಆಸ್ಪತ್ರೆಯ ದನಿಯಲ್ಲಿ.

"ಏನಽ ಇದು, ಹುಡುಗಾಟ... ಗ್ಯಾಸು."

"ಅದರ ಬಾಜೂಕ?"

"ಕುಕ್ಕರು."

"ಅದರ ಮ್ಯಾಲಿನ ಸಾಲು?"

"ಅಕ್ಕಿ ಡಬ್ಬಿ. ಬ್ಯಾಳಿ ಡಬ್ಬಿ."

"ಕೆಳಗಿನ ಸಾಲು ಭಾಳ ಸಣ್ಣದದ. ತಡಾ ಮಾಡಿ ನೋಡ್ರಿ."

ಪವನ ಕಣ್ಣು ಕಿರಿದು ಮಾಡಿದ. "ನಾ ನಿನ್ನೆ ಚಹಾ ಕುಡದ ಕಪ್ಪು" ಎಂದ, ಮೆಲ್ಲಗೆ.

"ಬಲಗಣ್ಣ ಮುಚ್ಚರಿ. ಈಗ?"

"ಅದಽ ಕಪ್ಪು."

"ನೆದರ ಎರಡೂ ಕಣ್ಣಿಂದೂ ಚಲೋ ಅದ" ಎಂದು ಸಂಪದಾ ಅವ್ವನಿಗೆ ವರದಿ ಮಾಡಿದಳು. "ಚಷ್ಮಾ ಏನೂ ಬೇಕಾಗಿಲ್ಲ."

"ಹಂಗಾರ ಏನ ಕಾಳಜಿ?" ಎಂದಳು ವಿಮಲಾಬಾಯಿ, ಪವನನ ತಲೆ ಸವರುತ್ತ. "ಎಲ್ಲ ಕಂಡದ. ನಸುಕಿನಾಗ ಎದ್ದು ಜಳಕಾ ಮಾಡಿ ಅಕ್ಕಿ ತೊಳದು ಇಡಪ್ಪಾ. ನಾವು ಮಕ್ಕೊಂಡಲ್ಲಿಂದನಽ ಹೇಳಿಕೊಡ್ತೇವಿ."

ಮರುದಿನ ಬೆಳಿಗ್ಗೆ ಕುಕ್ಕರ್ ಮೊದಲ ಸೀಟಿ ಹೊಡೆದಾಗ ಸಂಪದಾ ಅಭ್ಯಾಸದಿಂದ ದಡಬಡಿಸಿ ಎದ್ದು ಕೂತಳು. ಅವ್ವ ಚಾದರದೊಳಗಿಂದ ಕೈ ಚಾಚಿ ಅವಳ ರಟ್ಟೆ ಹಿಡಿದು ಮತ್ತೆ ಮಲಗಿಸಿದಳು. ತಲೆದಿಂಬಿನ ಪಕ್ಕ ಅವ್ವನ ಫೋನು ಮಿನುಗುತ್ತಿತ್ತು. ಸವಣೂರಿನಿಂದ ಅಪ್ಪ ಕೇಳಿದ್ದರು: ಅನ್ನಕ್ಕೆ ನೀರು ಎಷ್ಟು ಇಡಬೇಕು?

"ಪವನಾ" ಎಂದು ವಿಮಲಾಬಾಯಿ ಕಣ್ಣು ತೆರೆಯದೆಯೇ ಕೂಗಿದಳು, "ನಿಮ್ಮಪ್ಪಗ ಸ್ವಲ್ಪ ಫೋನ್ ಮಾಡಿ ಹೇಳೋ. ಈಗ ನಿನಗ ಗೊತ್ತದಲ್ಲ."